ಒಪ್ಪಿಗೆ ಒತ್ತಬೇಡ

ದೀಪಿಕ,

ವಿಮಾನದವರ ಎದುರಿಗೆ ಹೋಗಿ ಕೂತರೆ ಕೇಳಿಸಿಕೊಳ್ಳುತ್ತಾರೋ ಇಲ್ಲವೋ, ಗೊತ್ತಿಲ್ಲ. ಆದರೂ ಏಳು ಗಂಟೆಯ ರೈಲಿಗೆ ಹೊರಟೆ. ಬೆಂಗಳೂರಿನಲ್ಲಿ ಇಳಿದು ನೇರ ಏರ್‌ಪೋರ್ಟಿಗೆ ಹೋಗುತ್ತೇನೆ.

ಅಪ್ಪ ಲ್ಯಾಮಿನೇಷನ್ ಮಾಡಿಸಿ ದೇವರ ಪಟದ ಹಿಂದೆ ಇಟ್ಟಿರುವ ಟಿಕೆಟ್ಟನ್ನು ನಂಬಬೇಡ. ಭಾನುವಾರದ ವಿಮಾನ ಈಗ ಆರಕ್ಕಲ್ಲ, ಒಂಬತ್ತೂವರೆಗೆ. ಅದು ಕೋಲ್ಕತ್ತ ಮುಟ್ಟುವಷ್ಟರಲ್ಲಿ ಗುವಾಹಟಿಯ ವಿಮಾನ ಹೋಗಿರುತ್ತದೆ. ಮುಂದಿನದು ಸೋಮವಾರ ಮಧ್ಯಾಹ್ನವಂತೆ. ಗುವಾಹಟಿಯಲ್ಲಿ ನಿನ್ನ ಕೆಲಸದ ಸಂದರ್ಶನ ಅದೇ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ನೀನು ಆರು ವರ್ಷ ಬೆಳ್ಳೂರಿನ ಕೊಕ್ಕರೆ ಎಣಿಸಿದ್ದಕ್ಕೆ ಸಿಕ್ಕಿದ್ದನ್ನು ಇವರಿಗಾಗಿ ಬಿಡುವುದಿಲ್ಲ.

ಟಿಕೆಟ್ ತೆಗೆದ ಸೈಟಿನವರು ಫೋನ್ ಮಾಡಿ 'ಒಪ್ಪಿಗೆ' ಒತ್ತಿ ಎಂದರೆ ಒತ್ತಬೇಡ. ಒತ್ತಿದರೆ ಆ ಸೋಮವಾರವನ್ನು ನಾವೇ ಕೇಳಿ ಪಡೆದಂತೆ. ಕ್ಯಾನ್ಸಲ್ ಕೂಡ ಮಾಡಬೇಡ. ಸಮಯ ಬದಲಿಸಿದವರು ಅವರು, ಭಾನುವಾರವೇ ತಲುಪುವ ವಿಮಾನವನ್ನು ಅವರೇ ಕೊಡಲಿ. ಸೈಟಿನವರು ವಿಮಾನದವರನ್ನು ಕೇಳಿ ಎನ್ನುತ್ತಾರೆ, ವಿಮಾನದವರು ಸೈಟಿನವರನ್ನು. ಇವತ್ತು ಕೌಂಟರಿನಲ್ಲಿ ಕೂತು ಇಬ್ಬರನ್ನೂ ಒಂದೇ ಫೋನಿನಲ್ಲಿ ಮಾತಾಡಿಸುತ್ತೇನೆ. ಹೊಸ ಟಿಕೆಟ್ ಕೈಗೆ ಬರುವವರೆಗೆ ಏಳುವುದಿಲ್ಲ.

ನಿನ್ನ ಆಧಾರ್ ಕಾರ್ಡಿನ ಫೋಟೊ ಕಳಿಸು. ಫೋನ್ ಕೈಯಲ್ಲೇ ಇರಲಿ.

"ಬುಡ್ಲಾ ಶಿವರಾಜ, ಇಮಾನ್ದೋರ ತಾವ ನಿಂದೇನ್ಲಾ ಜಗಳ" ಎಂದು ಅಪ್ಪ ನಿನ್ನೆಯೇ ಶುರುಮಾಡಿದ್ದಾರೆ. ಇವತ್ತೂ ಅಂದರೆ ಎದುರಾಡಬೇಡ, ತಿಂಡಿ ಕೊಟ್ಟು ಮಾತ್ರೆ ನುಂಗಿಸು. ಬಟ್ಟೆ ಜೋಡಿಸುವುದನ್ನು ಮಾತ್ರ ನಿಲ್ಲಿಸಬೇಡ.

ಇನ್ನೊಂದು. ಸಮಯ ಬದಲಾದ ಮೇಲ್ ನನಗೆ ಬಂದು ಆರು ದಿನವಾಯಿತು. ನೀನು ಇಲ್ಲೇ ಉಳಿದರೆ ಸಾಕು ಅನ್ನಿಸಿತ್ತು, ಅದಕ್ಕೇ ನಿನಗೆ ಹೇಳಲಿಲ್ಲ.

ಅಣ್ಣ