ಟಿವಿಯ ಹಿಂಬದಿಗೆ ಇನ್ನೊಂದು ಸಾಲು

ಗದಗ
ಇಸವಿ 2197, ಎರಡನೇ ಬೇಸಿಗೆ

ಪೂಜ್ಯ ಮುತ್ತಜ್ಜ ಗುರುಲಿಂಗ ಅವರಿಗೆ ಮಂದಾಕಿನಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲೀಗ ವರ್ಷಕ್ಕೆ ಎರಡು ಬೇಸಿಗೆ. ಇನ್ನೂ ಮದುವೆಯೂ ಆಗದ ನಿಮ್ಮನ್ನು ಮುತ್ತಜ್ಜ ಎಂದು ಕರೆದದ್ದಕ್ಕೆ ಕ್ಷಮೆಯಿರಲಿ. ನಿಜ ಹೇಳಬೇಕೆಂದರೆ ನೀವು ಅದಕ್ಕೂ ಮೂರು ತಲೆಮಾರು ಹಿಂದಿನವರು. ಅಷ್ಟು ದೂರದವರನ್ನು ಕರೆಯಲು ನನಗೆ ಬೇರೆ ಶಬ್ದ ಗೊತ್ತಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ.

ನೀವೀಗ ಆ ದಪ್ಪ ಗಾಜಿನ ಟಿವಿಯ ಹಿಂದೆ ತಲೆ ತೂರಿಸಿ ಕೂತಿರಬೇಕು. ವಿಡಿಯೋ ಗೇಮಿನ ಚಿತ್ರ ಸರಿಯಾಗಿ ಬರುತ್ತಿಲ್ಲವೆಂದು ತೆಳ್ಳಗಿನ ವೈರ್ ಬಿಸಾಕಿ ದಪ್ಪನೆಯದು ತಂದಿರಿ, ಅಲೆಯಾಡುತ್ತಿದ್ದ ಗೆರೆಗಳು ಹೋದವು. ಹೊಸ ಟಿವಿ ತಗೋ ಎಂದು ಗೆಳೆಯರು ಗೇಲಿ ಮಾಡಿದರೂ ಜಗ್ಗಲಿಲ್ಲ. ನಿಮ್ಮ ಹಟದ ಕಥೆ ನಮ್ಮ ಮನೆಯಲ್ಲಿ ಇನ್ನೂ ಹೇಳುತ್ತಾರೆ. ಟಿವಿಯ ಹಿಂಬದಿಗೆ ಬಿಳಿ ಬಣ್ಣದಲ್ಲಿ ನೀವು ಬರೆದ ಎರಡು ಸಾಲು ನೋಡಿಯೇ ನಾನೂ ನನ್ನ ತಮ್ಮನೂ ಅಕ್ಷರ ಕಲಿತೆವು: 'ಶಾರ್ಪ್‌ನೆಸ್ ಸೊನ್ನೆಗೆ ಇಳಿಸಿರಿ. ಆರು ಅಡಿ ದೂರ ಕೂತು ನೋಡಿರಿ.' ಪ್ರತಿ ತಲೆಮಾರಿಗೂ ನಿಮ್ಮಂಥ ಹಟಮಾರಿ ಒಬ್ಬರು ಹುಟ್ಟಿ, ಆ ಟಿವಿಯನ್ನೂ ಗೇಮನ್ನೂ ರಿಪೇರಿ ಮಾಡುತ್ತಲೇ ಬಂದರು.

ನಮ್ಮ ಕಾಲದಲ್ಲಿ ಮಕ್ಕಳ ಫೋಟೋ ತೆಗೆಯುವಂತಿಲ್ಲ. ಹಿಂದೊಮ್ಮೆ ಮಕ್ಕಳ ಮುಖ ಕದ್ದು ನಕಲಿ ಮನುಷ್ಯರನ್ನು ಮಾಡಿ ದೊಡ್ಡ ಅನಾಹುತವಾಗಿತ್ತಂತೆ. ಅಂದಿನಿಂದ ಹದಿನಾಲ್ಕು ತುಂಬುವವರೆಗೆ ಯಾರ ಫೋಟೋವನ್ನೂ ಎಲ್ಲೂ ಉಳಿಸಿಕೊಳ್ಳುವ ಹಾಗಿಲ್ಲ. ನನ್ನ ಮಗಳು ಇಂಚರ ಅಷ್ಟು ವರ್ಷ ಕಾಯಲಿಲ್ಲ. ಬಿಸಿಜ್ವರ, ಅಂದರೆ ಗಾಳಿಯ ಕಾವಿಗೇ ಬರುವ ಜ್ವರ, ಹೋದ ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ಹೋಯಿತು. ಒಂಬತ್ತು ವರ್ಷದವಳು.

ನಿಮ್ಮ ಗೇಮಿನಲ್ಲಿ ಆಟಗಾರನ ಮುಖವನ್ನು ನಾವೇ ಚುಕ್ಕೆ ಚುಕ್ಕೆಯಾಗಿ ಬಿಡಿಸುವ ಜಾಗ ಇದೆಯಲ್ಲ, ಅಲ್ಲಿ ಅವಳು ತನ್ನ ಮುಖ ಬಿಡಿಸಿಕೊಂಡಿದ್ದಳು. ಉಳಿದದ್ದು ಅದೊಂದೇ. ಅವಳ ಮೈಬಣ್ಣ ಗೇಮಿನಲ್ಲಿರಲಿಲ್ಲ. ಕೆಂಪಿನ ಪಕ್ಕ ಹಸಿರು, ಅದರ ಪಕ್ಕ ಹಳದಿ ಇಟ್ಟಳು. ಗಾಜು ಅವನ್ನೆಲ್ಲ ಕಲಸಿ ಅವಳ ಕಂದು ಕೆನ್ನೆ ಮಾಡಿತು. "ಅವ್ವಾ, ಹತ್ರ ಬರಬ್ಯಾಡ, ಅಲ್ಲೇ ನಿಂತು ನೋಡು" ಅನ್ನುತ್ತಿದ್ದಳು. ಆರು ಅಡಿ ದೂರದಿಂದ ಅವಳ ಸೊಟ್ಟ ನಗು ಕೂಡ ಕಾಣುತ್ತಿತ್ತು.

ಸಾವಾದ ಮನೆಯಲ್ಲಿ ನಾವು 'ತೊಳೆಯುವ ದಿನ' ಮಾಡುತ್ತೇವೆ. ಸತ್ತವರ ಚಿತ್ರಗಳನ್ನು ಬಂಧುಗಳು ಗೋಡೆಗಣ್ಣಿಗೆ, ಅಂದರೆ ಗೋಡೆಯಗಲದ ಪರದೆಗೆ, ಏರಿಸಿ ಮಸುಕೆಲ್ಲ ತೆಗೆಯುತ್ತಾರೆ. ಮೊದಲು ಚಿತ್ರ ತೋರಿಸುತ್ತಿದ್ದ ಹಳೆಯ ವಸ್ತುವಿಗೆ ಜೀವ ಅಂಟಿಕೊಂಡು ಕೂರಬಾರದೆಂದು, ಅದನ್ನು ಅದೇ ಸಂಜೆ ಕರಗಿಸಲು ಕೊಡುತ್ತಾರೆ. ಆಗ ನಾನೂ ಜ್ವರದಲ್ಲಿ ಮಲಗಿದ್ದೆ. ತಮ್ಮ ಶಿವಯೋಗಿ ತಾನೇ ನಿಂತು ಎಲ್ಲ ಮಾಡಿದ. ಗೇಮಿನಲ್ಲಿದ್ದ ಅವಳ ಮುಖವನ್ನು ಗೋಡೆಗೆ ಏರಿಸಿ, ನಿಮ್ಮ ಟಿವಿಯನ್ನು ಕರಗಿಸಲು ಕೊಟ್ಟ. ನಾನು ಎದ್ದ ದಿನ ಕೈಹಿಡಿದು ಗೋಡೆಯ ಮುಂದೆ ನಿಲ್ಲಿಸಿ, "ಎಷ್ಟು ಸ್ವಚ್ಛ ಆಗೇತಿ ನೋಡಕ್ಕಾ" ಅಂದ. ಕೆಂಪು ಚೌಕ, ಹಸಿರು ಚೌಕ, ಹಳದಿ ಚೌಕ, ಎಲ್ಲ ಚಾಕುವಿನಿಂದ ಕೊಯ್ದಿಟ್ಟ ಹಾಗೆ. ನನ್ನ ಮಗಳು ಅಲ್ಲಿರಲಿಲ್ಲ. ಅವನನ್ನು ಬಯ್ಯಲು ಬಾಯಿ ಬರಲಿಲ್ಲ. ಅವನೂ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ.

ಗೋಡೆಗಣ್ಣಿಗೆ ಮಸುಕು ಮಾಡಲು ಬರುವುದಿಲ್ಲ, ಅದನ್ನು ಮಾಡಿದ್ದೇ ತೊಳೆಯಲಿಕ್ಕೆ. ಅಂಥ ಗಾಜಿನ ಟಿವಿ ಇನ್ನೆಲ್ಲೂ ಉಳಿದಿಲ್ಲ. ಪರದೆಗೆ ಒದ್ದೆ ಸೀರೆ ಇಳಿಬಿಟ್ಟು, ಅಂಗಳದ ಕೊನೆಯಲ್ಲಿ ನಿಂತು ನೋಡುತ್ತೇನೆ. ಏನೋ ಬಣ್ಣ ಕಾಣುತ್ತದೆ, ಅವಳು ಕಾಣುವುದಿಲ್ಲ. ಈಗೀಗ ಅವಳ ಮುಖ ನನ್ನ ನೆನಪಿನಲ್ಲೂ ಅಳಿಸುತ್ತಿದೆ. ನನಗೆ ತುಂಬಾ ಭಯವಾಗುತ್ತದೆ.

ಮುತ್ತಜ್ಜ, ಬಣ್ಣದ ಡಬ್ಬಿ ಮುಚ್ಚುವ ಮೊದಲು ಆ ಎರಡು ಸಾಲಿನ ಕೆಳಗೆ ಇನ್ನೊಂದು ಬರೆಯಿರಿ: 'ಗೇಮನ್ನೂ ಈ ಟಿವಿಯನ್ನೂ ಬೇರೆ ಮಾಡಬೇಡಿರಿ.' ಶಿವಯೋಗಿ ನಿಮ್ಮ ಮಾತು ಮೀರುವವನಲ್ಲ.

ಪತ್ರ ಮಡಚುವ ಮುನ್ನ, ಗೊತ್ತಿದ್ದೂ ಅವನನ್ನು ಕೇಳಿದೆ, ಹಿಂಬದಿಯಲ್ಲಿ ಎಷ್ಟು ಸಾಲಿದ್ದವು ಎಂದು. ಟಿವಿ ಕೊಡುವ ಮೊದಲು ಒರೆಸಿ ಕೈಮುಗಿದಿದ್ದನಂತೆ. ಎರಡೇ ಸಾಲಿದ್ದವಂತೆ. ಅಂದರೆ ಈ ಪತ್ರ ನಿಮ್ಮ ಕೈಸೇರಿಲ್ಲ.

ಆದರೂ ಕಳಿಸುತ್ತಿದ್ದೇನೆ. ಸೀರೆ ಒಣಗಿದೆ, ಮತ್ತೆ ನೆನೆಸಬೇಕು.

ನಿಮ್ಮ
ಮಂದಾಕಿನಿ