ಜೀಪಿನ ಅಡಿಗೆ ನುಸುಳಬೇಡ

ಅಪ್ಪಯ್ಯಾ,

ನಾನು ಕುಂದಾಪುರಕ್ಕೆ ಹೊರಟೆ. ಗಂಜಿ ಒಲೆಯ ಮೇಲಿದೆ, ಮೊದಲು ಉಣ್ಣು.

ನೀನು ಪೇಂಟ್ ತರಲು ಕೋಟೇಶ್ವರಕ್ಕೆ ಹೋದ ಮೇಲೆ ವೆಲ್ಡಿಂಗ್ ಜಿತೇಂದ್ರಣ್ಣ ಬಂದಿದ್ದ. ಜೀಪಿನ ಅಡಿಗೆ ನೀನು ಬಳಿದ ಕಪ್ಪು ಕೋಟಿಂಗ್ ಮದುಮಗನ ಹಾಗೆ ಮಿಂಚುತ್ತಿತ್ತು. ಅವನು ಸ್ಕ್ರೂಡ್ರೈವರ್ ಒತ್ತಿದರೆ ಗಾಡಿಯನ್ನೇ ಹೊರುವ ಚಾಸಿಯೊಳಗೆ ಹಿಡಿಯವರೆಗೂ ಇಳಿಯಿತು. ಮೂಗು ಹಿಂಡಿಕೊಂಡು ಅವನದೇ ದನಿಯಲ್ಲಿ ಓದಿಕೊ: "ಹ್ವಾಯ್, ವೆಲ್ಡ್ ಮಾಡುಕೆ ಕಬ್ಣ ಎಲ್ಲಿತ್ತ್ ಮಾರಾಯ್ತಿ? ಬರೀ ಪೇಂಟೇ ಗಾಡಿ ಹೊತ್ಕಂಡ್ ನಿಂತಿತ್ತ್!"

ವರ್ಷವರ್ಷವೂ ತುಕ್ಕು ಉಜ್ಜಿದ ಮೇಲೆ ನಮ್ಮ ಬಾವಿ ನೀರಲ್ಲೇ ತೊಳೆದೆಯಲ್ಲ? ಬೇಸಿಗೆಯಲ್ಲಿ ಉಪ್ಪಾಗುವ ಆ ನೀರಲ್ಲಿ ನಾವು ಅನ್ನವನ್ನೂ ಬೇಯಿಸುವುದಿಲ್ಲ. ಅಡುಗೆಗಾಗದ ನೀರನ್ನು ಗಾಡಿಯ ಅಡಿಗೆ ಹೊಡೆದು, ಉಪ್ಪನ್ನು ಒಳಗಿಟ್ಟೇ ಕೋಟಿಂಗ್ ಮುಚ್ಚಿದೆ. ಆ ಉಪ್ಪು ಕಬ್ಬಿಣವನ್ನು ಒಳಗೊಳಗೇ ತಿಂದು ಮುಗಿಸಿದೆ.

ಇನ್ನು ಅದು ರಸ್ತೆಗಿಳಿಯುವುದಿಲ್ಲ ಅಪ್ಪಯ್ಯಾ. ಇಷ್ಟು ವರ್ಷ ಮೀನು ಹೊತ್ತ ಗಾಡಿ ಎಂದು ನೀನು ಅಳಬೇಡ, ನಾನು ಅತ್ತಾಗಿದೆ.

ಜಾಕ್ ಕೊಟ್ಟು ಎತ್ತಿದರೆ ಚಾಸಿ ಮುರಿದು ಗಾಡಿ ನಿನ್ನ ಎದೆಯ ಮೇಲೇ ಕೂರುತ್ತದಂತೆ. ಅದಕ್ಕೇ ಜಾಕನ್ನು ಗುಣವತಿ ಚಿಕ್ಕಿಯ ಮನೆಯಲ್ಲಿಟ್ಟಿದ್ದೇನೆ. ನೀನು ಕೇಳಿದರೂ ಅವಳು ಕೊಡುವುದಿಲ್ಲ.

ಬೇಕಾದರೆ ಸ್ವಲ್ಪ ಹೊತ್ತು ಡ್ರೈವರ್ ಸೀಟಿನಲ್ಲಿ ಕೂತುಕೊ. ಅಷ್ಟನ್ನು ಅದು ಇನ್ನೂ ತಡೆಯುತ್ತದೆ.

ಕ್ಷಮಾ