ಓಟ ಮುಗಿಯುವ ಗೆರೆಯಲ್ಲಿ ಅಪ್ಪ

ಜೂನ್ ೬, ಗುರುವಾರ

ನನ್ನ ಚಿಗರೆ ಮರಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಇವತ್ತು ನನ್ನ ಉಪವಾಸ. ಎದ್ದು ಅಂಗಳ ಗುಡಿಸಿ, ನೀರು ತುಂಬಿಸಿ, ನಿನ್ನಪ್ಪನ ಮುಖ ತೊಳೆಸಿ ತಿನ್ನಿಸಿ, ಒಗೆದ ಬಟ್ಟೆ ತಂತಿಗೆ ಹಾಕಿ, ದೇವರಿಗೆ ದೀಪ ಹಚ್ಚಿ ಈಗ ಕುಳಿತಿದ್ದೇನೆ. ಉಪವಾಸದ ದಿನ ಒಲೆಯ ಕೆಲಸ ಅರ್ಧ ನೋಡು, ಬರೆಯಲು ಕೈ ಬಿಡುವಾಗುತ್ತದೆ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾಯಿತೆಂದು ಮುನಿಸಿಕೊಳ್ಳಬೇಡ. ನಾನು ಬರೆಯಲು ಕೂತರೆ ನಿನ್ನಪ್ಪ ಪಕ್ಕದಲ್ಲಿ ಬಂದು ಕೂತು ಪೆನ್ನು ಕೇಳುತ್ತಾರೆ. ಕೊಟ್ಟರೆ ಹಾಳೆಯ ಈ ತುದಿಯಿಂದ ಆ ತುದಿಗೆ ಗೆರೆ ಎಳೆಯುತ್ತಾರೆ, ಒಂದರ ಪಕ್ಕ ಒಂದು. ಕೂದಲೆಳೆಯಷ್ಟೂ ಡೊಂಕಿಲ್ಲ. ಶಾಲೆಯ ಮೈದಾನಕ್ಕೆ ಆಯುಷ್ಯವೆಲ್ಲ ಸುಣ್ಣದ ಗೆರೆ ಹಾಕಿದ ಕೈಯಲ್ಲವೇ. ಬುದ್ಧಿ ದಾರಿ ತಪ್ಪಿದರೂ ಕೈ ತಪ್ಪಿಲ್ಲ. ನಿನಗೆಂದು ಇಟ್ಟಿದ್ದ ಹಾಳೆಗಳೆಲ್ಲ ಹಾಗೆ ಓಟದ ಮೈದಾನವಾಗಿ ಹೋದವು. ಇವತ್ತು ಪಕ್ಕದ ಮನೆಯ ಹೊಲಿಗೆಯವಳು ಅವರನ್ನು ತನ್ನ ಜಗಲಿಯ ಮೇಲೆ ಕೂರಿಸಿಕೊಂಡು ದಾರದ ಉಂಡೆ ಬಿಡಿಸಲು ಕೊಟ್ಟಿದ್ದಾಳೆ. ಸಂಜೆಯ ತನಕ ಬಿಡಿಸಿದರೂ ಮುಗಿಯದಂತೆ ಗಂಟು ಹಾಕಿದ್ದೇನೆ ಅಂತ ನನಗೆ ಕಣ್ಣು ಮಿಟುಕಿಸಿದಳು.

ಅಕ್ಕ ಯಾಕೆ ಫೋನು ಮಾಡುವುದಿಲ್ಲ, ಅಷ್ಟೊಂದು ಬಿಗುಮಾನವೇ ಅಂತ ನಿನ್ನ ಚಿಕ್ಕಮ್ಮ ಕೇಳಿದಳಂತೆ. ಅವಳಿಗೆ ಹೇಳು, ಬಿಗುಮಾನವೂ ಇಲ್ಲ ಮಣ್ಣೂ ಇಲ್ಲ. ನಿನಗೂ ಹೇಳಿರಲಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಕು, ನಿನ್ನಪ್ಪ ಎದ್ದು ಮನೆಯೆಲ್ಲ ಹುಡುಕುತ್ತಾರೆ. ಮಂಚದ ಕೆಳಗೆ, ಬಾಗಿಲ ಹಿಂದೆ, ಬಚ್ಚಲಲ್ಲಿ. ಕಣ್ಣಾಮುಚ್ಚಾಲೆ ಸಾಕು ಬಾ ಅನ್ನುತ್ತಾರೆ. ಸಿಗದಿದ್ದಾಗ ಅಳುತ್ತಾರೆ. ಅದಕ್ಕೇ ನಾನು ಫೋನು ಮುಟ್ಟುವುದಿಲ್ಲ.

ಈಗ ನಿನ್ನ ಪತ್ರದ ಮಾತಿಗೆ ಬರುತ್ತೇನೆ. 'ಅಪ್ಪನೇ ನನ್ನನ್ನ ಯಾರು ಅಂತ ಕೇಳಿದ ಮೇಲೆ ಇನ್ನು ಯಾರಿಗೋಸ್ಕರ ಓಡಲಿ? ಚಿಕ್ಕಮ್ಮನ ಮನೆ ಹತ್ತಿರದ ಕಾಲೇಜಿಗೇ ಸೇರ್ತೀನಿ. ವಾರವಾರ ಬಂದು ನಿನ್ನ ಕೈಗೆ ಆಸರೆಯಾಗ್ತೀನಿ' ಅಂತ ಬರೆದಿದ್ದೀಯ. ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಸೋಮವಾರ ಸೇರಲು ಕೊನೆಯ ದಿನ ಅಂದಿದ್ದೀಯ, ಅಷ್ಟರೊಳಗೆ ಇದು ನಿನ್ನ ಕೈ ಸೇರಬೇಕು.

ಹತ್ತಿರದ ಕಾಲೇಜನ್ನು ನಾನೂ ನೀನೂ ಕೂಡಿಯೇ ನೋಡಿದೆವಲ್ಲ. ಬಾಗಿಲಲ್ಲೇ ಗಾಜಿನ ಬೀರು, ಅದರ ತುಂಬ ಬೆಳ್ಳಿಯಂಥ ಬಟ್ಟಲುಗಳು. ಕಚೇರಿಯವರು ನಮ್ಮಲ್ಲಿ ಆಟಕ್ಕೂ ಬಹಳ ಮಹತ್ವ ಕೊಡುತ್ತೇವೆ ಅಂದರು. ಮೈದಾನ ತೋರಿಸಿ ಅಂದದ್ದಕ್ಕೆ ಕಿಟಕಿಯಿಂದ ಬೆರಳು ಮಾಡಿದರು. ಅಲ್ಲಿ ಸಾಲಾಗಿ ಕಾರುಗಳು ನಿಂತಿದ್ದವು. ನೀನು ಮೆಲ್ಲಗೆ, 'ಅಮ್ಮಾ, ಇಲ್ಲಿ ಓಡಬೇಕಂದ್ರೆ ಮೊದಲು ಚಕ್ರ ಹಚ್ಚಿಸ್ಕೋಬೇಕು' ಅಂದೆ. ಬೀದಿಗೆ ಬರುವ ತನಕ ನಗು ತಡೆದುಕೊಂಡೆವು. ಆ ಕಾಲೇಜಿಗೇ ಸೇರುತ್ತೇನೆ ಅಂತ ಈಗ ಬರೆದಿದ್ದೀಯಲ್ಲ, ಮಗಳೇ.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಹೋದ ವಾರ ಆ ಇನ್ನೊಂದು ಕಾಲೇಜನ್ನು, ಅದೇ ಓಟದ ಹುಡುಗಿಯರದು, ನೀನು ಮೊದಲು ಆಸೆಪಟ್ಟದ್ದನ್ನು, ನೋಡಿಬಂದೆ. ನಿನ್ನಪ್ಪನನ್ನು ಬಿಟ್ಟು ಅಷ್ಟು ದೂರ ಹೋಗುವಂತಿಲ್ಲ, ಅವರನ್ನೂ ಕರೆದುಕೊಂಡೇ ಹೋದೆ. ಬಸ್ಸು ನಮ್ಮ ಹಾರನ್ ಅಣ್ಣನದು. ಅವನು ಅಪ್ಪನನ್ನು ತನ್ನ ಹಿಂದಿನ ಸೀಟಿನಲ್ಲೇ ಕೂರಿಸಿದ. ದಾರಿಯುದ್ದಕ್ಕೂ ಅಪ್ಪ ರಸ್ತೆಯ ಬಿಳಿ ಗೆರೆ ನೋಡುತ್ತ, ಇದನ್ನ ಹಾಕಿದವನು ಸೋಮಾರಿ, ಮಧ್ಯೆ ಮಧ್ಯೆ ಬಿಟ್ಟಿದ್ದಾನೆ ಅಂತ ಬೈದರು. ಅಣ್ಣ ಒಪ್ಪಿಕೊಂಡ. ಸುಣ್ಣ ಕಮ್ಮಿ ಬಿದ್ದಿರಬೇಕು ಅಣ್ಣಾ ಅಂದ.

ಗೇಟಿನವನು ಯಾರನ್ನು ನೋಡಬೇಕು ಅಂತ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಅಪ್ಪ, ಮೈದಾನವನ್ನು ಅಂದರು. ಅವನು ಗೇಟು ತೆರೆದ. ಮೈದಾನದ ಅಂಚಿನಲ್ಲಿ ಅಪ್ಪ ಚಪ್ಪಲಿ ಬಿಟ್ಟರು. ಎಲ್ಲೇ ಹೊಸ ಮೈದಾನಕ್ಕೆ ಕಾಲಿಟ್ಟರೂ ಮೊದಲು ಬರಿಗಾಲಲ್ಲಿ ಒಂದು ಸುತ್ತು ಹಾಕುವುದು ಅವರ ಪದ್ಧತಿ, ನಿನಗೂ ಅದನ್ನೇ ಕಲಿಸಿದರಲ್ಲ. ನಾನೂ ಹಿಂದೆ ನಡೆದೆ. ಒಳಗಿನ ದಾರಿಯ ಮಣ್ಣು ಸವೆದು ಅಂಗೈಯಂತೆ ನುಣುಪಾಗಿತ್ತು. ಅಪ್ಪ ಅಲ್ಲಿ ಕೂತು ಮಣ್ಣನ್ನು ಸವರಿ, 'ಇಲ್ಲಿ ಓಡ್ತಾರೆ' ಅಂದರು. ಅಷ್ಟೇ ಅಂದದ್ದು.

ಮೈದಾನದ ಕೆಲಸದವನು ಆಗ ಗೆರೆ ಹಾಕುತ್ತಿದ್ದ. ಜೊತೆಗೆ ಆಳಿಲ್ಲದೆ ಹುರಿಯ ತುದಿಗೆ ಕಲ್ಲು ಹೇರಿದ್ದ. ಅಪ್ಪ ಹೋಗಿ ಕಲ್ಲು ಸರಿಸಿ ತುದಿ ಹಿಡಿದು ಎಳೆದು ಕೂತರು. ಅವನು ಒಮ್ಮೆ ನೋಡಿದ, ತಲೆಯಾಡಿಸಿದ, ಸುಣ್ಣ ಬಿಡುತ್ತ ಹೋದ. ಯಾವ ಕಾಲದಿಂದಲೋ ಕೂಡಿ ಗೆಯ್ದ ಅಣ್ಣತಮ್ಮಂದಿರ ಹಾಗೆ.

ಅಷ್ಟರಲ್ಲಿ ಹುಡುಗಿಯರು ಬಂದರು. ಅವರಿಗೆ ಓಟ ಕಲಿಸುವವರು ಒಬ್ಬ ದಪ್ಪ ಮೇಡಂ, ಕೊರಳಲ್ಲಿ ಸೀಟಿ. ನಿನ್ನ ವಿಷಯ ಹೇಳಿದೆ. ಎಷ್ಟು ಬೇಗ ಓಡುತ್ತಾಳೆ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, 'ಸೋತ ದಿನ ಏನು ಮಾಡ್ತಾಳೆ?' ನಾನು ಇದ್ದದ್ದನ್ನೇ ಹೇಳಿದೆ. ಯಾರೊಡನೆಯೂ ಮಾತಾಡುವುದಿಲ್ಲ, ಶೂ ತಾನೇ ತೊಳೆದು ಬಿಸಿಲಿಗಿಟ್ಟು ಅದರ ಪಕ್ಕ ಕೂರುತ್ತಾಳೆ ಅಂತ. 'ಕಳಿಸಿಕೊಡಿ ಹಾಗಾದ್ರೆ. ಪಕ್ಕ ಕೂರೋರು ಇಲ್ಲಿ ಸಿಗ್ತಾರೆ' ಅಂದರು.

ಒಬ್ಬ ಹುಡುಗಿ ಕಾಲಿಗೆ ಕಟ್ಟು ಕಟ್ಟಿಕೊಂಡು ಅಂಚಿನಲ್ಲಿ ಕೂತಿದ್ದಳು. ಮಲಗುವುದು ಬಿಟ್ಟು ಬಿಸಿಲಲ್ಲಿ ಯಾಕಮ್ಮ ಅಂದೆ. 'ಕೋಣೇಲಿ ಮಲಗಿದ್ರೆ ನೋವು ಲೆಕ್ಕ ಹಾಕ್ಕೊಂಡು ಬಿದ್ದಿರಬೇಕು ಆಂಟಿ. ಇಲ್ಲಿದ್ರೆ ಇವರನ್ನ ಬೈಕೊಂಡಾದ್ರೂ ಇರ್ತೀನಿ' ಅಂದಳು. ನಿಜವಾಗಿಯೂ ಬೈಯುತ್ತಿದ್ದಳು. ಸಂಜೆಯಾದಂತೆ ಪಾಠದ ಕೋಣೆಗಳಿಂದ ಎಲ್ಲರೂ ಹೊರಗೆ ಬಂದರು. ಬಿಳಿ ಗಡ್ಡದ ಮೇಷ್ಟ್ರೊಬ್ಬರು ಪಂಚೆಯಷ್ಟು ಅಗಲದ ಚಡ್ಡಿ ತೊಟ್ಟು ಓಡಿದರು. ಅಡುಗೆಯವಳು ಸೌಟು ಹಿಡಿದೇ ಮೆಟ್ಟಿಲ ಮೇಲೆ ನಿಂತು ಎಲ್ಲರಿಗಿಂತ ಹಿಂದೆ ಬಿದ್ದ ಹುಡುಗಿಯ ಹೆಸರು ಹಿಡಿದು ಕೂಗುತ್ತಿದ್ದಳು. ಗೆದ್ದವರ ಹೆಸರು ಎಲ್ಲಿಯೂ ಗೋಡೆಯ ಮೇಲೆ ಇರುತ್ತದೆ. ಹಿಂದೆ ಬಿದ್ದವಳ ಹೆಸರು ಅಡುಗೆಯವಳಿಗೂ ಗೊತ್ತಿರುವ ಜಾಗ ನೋಡಿದ್ದು ಇದೇ ಮೊದಲು.

ಓಟ ಮುಗಿಯಿತು. ಹುಡುಗಿಯರು ನೀರು ಕುಡಿದರು. ಅಪ್ಪ ಮಾತ್ರ ತಾವು ಹುರಿ ಹಿಡಿದ ಗೆರೆಯ ಮೇಲೆ, ಓಟ ಮುಗಿಯುವಲ್ಲಿ, ಕೆಟ್ಟುಹೋದ ಆ ಹಳೆಯ ಸ್ಟಾಪ್‌ವಾಚು ಹಿಡಿದು ನಿಂತಿದ್ದರು. ಬಸ್ಸಿನ ಹೊತ್ತಾಯಿತು, ಬನ್ನಿ ಅಂದೆ. 'ಇರಮ್ಮ, ನನ್ನ ಮಗಳು ಇನ್ನೂ ಬಂದಿಲ್ಲ. ಕೊನೆಯೋಳು ಬರೋ ತನಕ ಗೆರೆ ಬಿಟ್ಟು ಹೋಗಬಾರದು' ಅಂದರು. ಕೈ ಹಿಡಿದೆ, ಕೊಡವಿಕೊಂಡರು. ಹಾರನ್ ಅಣ್ಣ ಗೇಟಿನ ಹೊರಗೆ ತನ್ನ ಹೆಸರಿಗೆ ತಕ್ಕಂತೆ ಒತ್ತುತ್ತಲೇ ಇದ್ದ. ದಪ್ಪ ಮೇಡಂ ಬಂದು ಅವರ ಪಕ್ಕದಲ್ಲಿ ನಿಂತು ಅವರು ನೋಡುತ್ತಿದ್ದ ಕಡೆಗೇ ನೋಡಿದರು.

ಆಗ ಅಪ್ಪ ಹೆಗಲ ಚೀಲದಿಂದ ಒಂದು ಜೊತೆ ಶೂ ತೆಗೆದರು. ನೀನು ಚಿಕ್ಕ ಶಾಲೆಯಲ್ಲಿದ್ದಾಗ ಹಾಕುತ್ತಿದ್ದ ನೀಲಿ ಶೂ. ಅದನ್ನು ಯಾವಾಗ ಚೀಲಕ್ಕೆ ಹಾಕಿಕೊಂಡರೋ ನಾನು ಕಾಣೆ. ಮೇಡಂ ಕೈಗೆ ಕೊಟ್ಟು ಹೇಳಿದರು: 'ಬಂದ ತಕ್ಷಣ ಹಾಕ್ಸಿ. ಎಡಗಾಲಿನ ಹಿಮ್ಮಡೀಲಿ ಕಚ್ಚುತ್ತೆ ಅವಳಿಗೆ. ಹತ್ತಿ ಇಟ್ಟಿದ್ದೀನಿ.'

ನನ್ನ ಅಂಗೈಗಿಂತ ಚೂರು ದೊಡ್ಡದು ಆ ಶೂ. ಹುಡುಗಿಯರೆಲ್ಲ ನೋಡುತ್ತಿದ್ದರು, ಒಬ್ಬಳೂ ನಗಲಿಲ್ಲ. ಮೇಡಂ ಎರಡೂ ಕೈಯಲ್ಲಿ ತೆಗೆದುಕೊಂಡು, ಒಳಗೆ ಬೆರಳು ಹಾಕಿ ಹತ್ತಿ ನೋಡಿ, 'ಇಲ್ಲೇ ಇಟ್ಟಿರ್ತೀವಿ. ಬರ್ಲಿ ಅವಳು' ಅಂದರು. ಆಮೇಲೆ ಅಪ್ಪ ಗೆರೆಯಿಂದ ಕಾಲು ತೆಗೆದರು.

ಈಗ ಹೇಳು, ಮರೆತವರು ಹತ್ತಿ ಇಡುತ್ತಾರೆಯೇ? ಅವತ್ತು ನೀನು ಹೊಸ್ತಿಲಲ್ಲಿ ನಿಂತಾಗ 'ಯಾರು ಬೇಕಿತ್ತಮ್ಮ, ನನ್ನ ಮಗಳು ಓಡೋಕೆ ಹೋಗಿದ್ದಾಳೆ' ಅಂದರು ನಿಜ. ನೀನು ಬ್ಯಾಗು ಸಹ ಇಳಿಸದೆ ತಿರುಗಿ ಹೋದೆ. ನಾನು ಬೀದಿಯ ತುದಿಯ ತನಕ ಓಡಿಬಂದರೂ ನನ್ನ ಕಾಲು ನಿನ್ನ ಕಾಲಿಗೆ ಸಮವಾದೀತೇ. ಅವರು ಕಾಯುತ್ತಿರುವುದು ನಿನಗಾಗಿಯೇ ಕಣೇ. ನೀನು ಅವರೆತ್ತರ ಬೆಳೆದೆ, ಅವರೊಳಗಿನ ನೀನು ಬೆಳೆಯಲಿಲ್ಲ.

ನನ್ನ ಆಸರೆಯ ಚಿಂತೆ ಬಿಡು. ಹೊಲಿಗೆಯವಳಿದ್ದಾಳೆ, ದೇವರಿದ್ದಾನೆ. ನೀನು ಇಲ್ಲಿ ಬಂದು ಕೂತರೆ ಮನೆಯಲ್ಲಿ ಇಬ್ಬರು ನಿನ್ನನ್ನು ಹುಡುಕಬೇಕಾಗುತ್ತದೆ, ಅವರೂ ನೀನೂ. ಶೂ ಇಟ್ಟಿರುವ ಕಡೆಗೆ ಹೋಗು. ಚಿಕ್ಕಮ್ಮ ದೂರ ಅಂದರೆ, ಅಕ್ಕ ನೋಡಿ ಬಂದಿದ್ದಾಳೆ ಅನ್ನು. ನಿನ್ನ ಕಾಲಿಗೆ ಕಲ್ಲು ತಾಗದಿರಲಿ, ಉಸಿರು ಕಟ್ಟದಿರಲಿ, ಹಿಂದೆ ಬಿದ್ದ ದಿನವೂ ನಿನ್ನ ಹೆಸರು ಕೂಗುವವರಿರಲಿ.

ಇಂತಿ,
ನಿನ್ನ ಅಮ್ಮ

ಮತ್ತೆ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಉಪವಾಸದ ದಿನ ಬಚ್ಚಿಟ್ಟುಕೊಂಡು ಬರೆದರೆ ದೇವರು ಮೆಚ್ಚುವುದಿಲ್ಲ. ನಿನ್ನಪ್ಪ ನನ್ನನ್ನು 'ಇರಮ್ಮ' ಅಂದದ್ದು ನಿನ್ನ ಕಣ್ಣಿಗೆ ಬಿತ್ತೋ ಇಲ್ಲವೋ. ನಿನಗೆ ಗೊತ್ತಲ್ಲ, ಮದುವೆಯಾದಾಗಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. 'ಇವಳೇ' ಅಂದರೆ ಈ ಮನೆಯಲ್ಲಿ ನಾನು. ಆ ಮಾತು ಕೇಳಿ ಎಷ್ಟೋ ಕಾಲವಾಯಿತು. ಹಗಲೆಲ್ಲ ನಾನು ಯಾರೋ ಒಬ್ಬ ಅಮ್ಮ, ಒಳ್ಳೆಯವಳು, ಊಟ ಕೊಡುವವಳು. ಸಂಜೆಯಾದರೆ ವಾಚು ಹಿಡಿದು ಅಂಗಳಕ್ಕೆ ಬಂದು ನನ್ನನ್ನೇ ನೋಡಿ, 'ಚಿಗರೇ, ಬಾ, ನಿಂತ್ಕೋ. ನಿಮ್ಮಮ್ಮ ಬರೋದ್ರೊಳಗೆ ಒಂದು ಓಟ ಮುಗಿಸೋಣ. ನೋಡಿದ್ರೆ ಇಬ್ಬರಿಗೂ ಬೈತಾಳೆ' ಅನ್ನುತ್ತಾರೆ. ನಾನು ಬಟ್ಟೆ ಎತ್ತಿ ಕಟ್ಟಿಕೊಂಡು ನಲ್ಲಿಯಿಂದ ಗೋಡೆಯ ತನಕ ಓಡುತ್ತೇನೆ ಮಗಳೇ, ಈ ಮಂಡಿ ಇಟ್ಟುಕೊಂಡು. ಭೇಷ್ ಅಂತ ತಲೆ ಸವರುತ್ತಾರೆ. ಆಮೇಲೆ ಬಾಗಿಲ ಕಡೆ ನೋಡಿ, ಇವಳು ಇನ್ನೂ ಬರ್ಲಿಲ್ವಲ್ಲ ಅನ್ನುತ್ತಾರೆ. ಈಗ ಬರ್ತಾಳೆ ಅಪ್ಪ ಅನ್ನುತ್ತೇನೆ.

ಈ ಪತ್ರ ಹಾರನ್ ಅಣ್ಣನ ಕೈಲಿ ಕಳಿಸುತ್ತಿದ್ದೇನೆ. ಶನಿವಾರ ಹಿಂದಿರುಗುವಾಗ ಚಿಕ್ಕಮ್ಮನ ಬೀದಿಯ ತಿರುವಿನಲ್ಲಿ ಬಸ್ಸು ನಿಲ್ಲಿಸುತ್ತಾನೆ, ಉತ್ತರ ಬರೆದಿಟ್ಟಿರು, ಅವನೇ ಇಳಿದು ಬಂದು ತೆಗೆದುಕೊಳ್ಳಲಿ. ಒಳಗೆ ಯಾವ ಕಾಲೇಜು ಅಂತ ಒಂದೇ ಸಾಲು ಬರೆದರೂ ಸಾಕು. ಲಕೋಟೆಯ ಮೇಲೆ ಮಾತ್ರ 'ಅಮ್ಮನಿಗೆ' ಅಂತ ದೊಡ್ಡದಾಗಿ ಬರಿ.